ಚೂರು ಮೊದಲು, ವಸ್ತು ಆಮೇಲೆ: ಉಳಿಕೆ ಸಾಮಗ್ರಿಗಳೊಂದಿಗೆ ಮಕ್ಕಳ ಕೈಕೆಲಸ

ಬಣ್ಣದ ಹಾಳೆಯಿಂದ ಒಂದು ನಕ್ಷತ್ರ ಬೇಕೆಂದರೆ ಮಕ್ಕಳು ಕತ್ತರಿ ಹಾಕುವುದು ಹಾಳೆಯ ನಟ್ಟನಡುವಿಗೆ. ನಕ್ಷತ್ರ ಹೊರಬಂದ ಮೇಲೆ ತೂತು ಬಿದ್ದ ಮುಕ್ಕಾಲು ಹಾಳೆ ಉಳಿಯುತ್ತದೆ. ಅದರ ಜೊತೆಗೆ ಮುರಿದ ಕ್ರೇಯಾನ್, ಒಣಗಿದ ಸ್ಕೆಚ್ ಪೆನ್, ಬೆರಳುದ್ದದ ಉಣ್ಣೆ, ಒಂಟಿ ಗುಂಡಿ, ಅರ್ಧ ಖಾಲಿಯಾದ ಚಮಕಿ ಪೊಟ್ಟಣ. ಇವನ್ನೆಲ್ಲ ಏನು ಮಾಡುವುದು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಸಿದ್ಧವಸ್ತುವೊಂದರ ಚಿತ್ರ: ಪೆನ್ನು ಇಡುವ ಡಬ್ಬಿ ಮಾಡಿ, ಹೂದಾನಿ ಮಾಡಿ, ಗೋಡೆಗೆ ತೂಗುಹಾಕಿ. ಆ ಚಿತ್ರದಂತೆ ಮಾಡಹೊರಟರೆ ಮನೆಯಲ್ಲಿರುವ ಚೂರುಗಳು ಸಾಲುವುದಿಲ್ಲ, ಬಣ್ಣ ಹೊಂದುವುದಿಲ್ಲ, ಕೊನೆಗೆ ಮತ್ತೆ ಅಂಗಡಿಗೇ ಹೋಗಬೇಕಾಗುತ್ತದೆ. ಆದ್ದರಿಂದ ನಮ್ಮ ಮನೆಯಲ್ಲಿ ಕ್ರಮ ಬೇರೆ. ಮೊದಲು ಕೈಯಲ್ಲಿರುವ ಚೂರು ಏನು ಮಾಡಬಲ್ಲದು ಎಂದು ನೋಡುತ್ತೇವೆ. ಏನಾಗುತ್ತದೆ ಎನ್ನುವುದು ಆಮೇಲಿನ ಮಾತು.

ನನ್ನದು ಮನೆಯಲ್ಲೇ ಕುಳಿತು ಪುಸ್ತಕಗಳಿಗೆ ಬೈಂಡಿಂಗ್ ಮಾಡುವ ಕೆಲಸ. ಅಂಚು ಕತ್ತರಿಸಿದ ಕಾಗದ, ರಟ್ಟಿನ ಪಟ್ಟಿ, ಹೊದಿಕೆ ಬಟ್ಟೆಯ ತುಂಡುಗಳು ದಿನವೂ ಮೇಜಿನಿಂದ ಉದುರುತ್ತಲೇ ಇರುತ್ತವೆ. ಮಗಳಿಗೆ ಎಂಟು ವರ್ಷ, ಮಗನಿಗೆ ನಾಲ್ಕು. ಇಬ್ಬರೂ ಆ ಮೇಜಿನ ಕೆಳಗೇ ಬೆಳೆದವರು. ಇಲ್ಲಿ ಹೇಳುತ್ತಿರುವುದು ಅವರೊಡನೆ ಮಾಡಿ ನೋಡಿದ್ದನ್ನೇ.

ವಿಂಗಡಿಸುವುದು

ಬಣ್ಣಕ್ಕೆ ತಕ್ಕಂತೆ ವಿಂಗಡಿಸಿದರೆ ನೋಡಲು ಚೆನ್ನ, ಬಳಕೆಗೆ ಅಷ್ಟೇನೂ ಬರುವುದಿಲ್ಲ. ಕೆಂಪು ಡಬ್ಬಿಯೊಳಗೆ ಉಣ್ಣೆ, ಮಣಿ, ಕಾಗದ, ಮೇಣ ಎಲ್ಲ ಸೇರಿ ಗೋಜಲಾಗುತ್ತದೆ. ಸ್ವಭಾವಕ್ಕೆ ತಕ್ಕಂತೆ ವಿಂಗಡಿಸಿ: ಮಡಚಿದರೆ ಮಡಿಕೆ ಉಳಿಸಿಕೊಳ್ಳುವುದು, ಎಳೆ ಬಿಡುವುದು, ಬಿಸಿಗೆ ಕರಗುವುದು, ನೀರಿಗೆ ಬಣ್ಣ ಬಿಡುವುದು, ಯಾವುದಕ್ಕೂ ಬಗ್ಗದೆ ಗಟ್ಟಿಯಾಗಿ ನಿಲ್ಲುವುದು. ಯಾವುದು ಎಲ್ಲಿಗೆ ಸೇರಬೇಕೆಂದು ಮಕ್ಕಳೇ ಪರೀಕ್ಷೆ ಮಾಡಿ ತೀರ್ಮಾನಿಸಲಿ. ಒಂದು ಬಟ್ಟಲು ನೀರು ಕೊಟ್ಟರೆ ಸಾಕು. ಈ ರಿಬ್ಬನ್ ಬಣ್ಣ ಬಿಡುತ್ತದೆಯೇ, ಈ ಕಾಗದ ನೀರು ಹೀರುತ್ತದೆಯೇ, ಹೀರದೆ ಹನಿಯನ್ನು ಮೇಲೆಯೇ ನಿಲ್ಲಿಸಿಕೊಳ್ಳುತ್ತದೆಯೇ? ನಾಲ್ಕು ವರ್ಷದವನಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಒಂದಿಡೀ ಮಧ್ಯಾಹ್ನ ಇದರಲ್ಲೇ ಕಳೆದರೂ ಬಿಡಿ, ಅದೂ ಕೈಕೆಲಸವೇ.

ಮಕ್ಕಳನ್ನು ಕರೆಯುವ ಮುನ್ನ ದೊಡ್ಡವರು ಒಮ್ಮೆ ಕೈಯಾಡಿಸಿ ಕೆಲವನ್ನು ತೆಗೆದಿಡಬೇಕು. ಮುರಿದ ಆಟಿಕೆಯಿಂದ ಬಿದ್ದ ಗುಂಡಿ ಗಾತ್ರದ ಬ್ಯಾಟರಿ, ಚಿಕ್ಕ ಆಯಸ್ಕಾಂತ, ತುಕ್ಕು ಹಿಡಿದ ತಂತಿ, ಸೂಜಿ, ಬ್ಲೇಡು ಇವು ಡಬ್ಬಿಯಲ್ಲಿ ಇರಕೂಡದು. ಗುಂಡಿ ಬ್ಯಾಟರಿಯನ್ನು ಮಗು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಎರಡು ಆಯಸ್ಕಾಂತಗಳು ಹೊಟ್ಟೆ ಸೇರಿದರೆ ಕರುಳಿನ ಪದರಗಳನ್ನು ನಡುವೆ ಹಿಡಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನುಂಗಿರಬಹುದೆಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಮೂರು ವರ್ಷದೊಳಗಿನ ಮಗುವಿದ್ದರೆ ಮಣಿ, ಗುಂಡಿಗಳ ಡಬ್ಬಿ ಕೈಗೆಟುಕದ ಜಾಗದಲ್ಲಿರಲಿ.

ಡಬ್ಬಿಗೆ ಮಿತಿ ಬೇಕು. ನಮ್ಮಲ್ಲಿ ಚೂರುಗಳಿಗೆಂದು ಒಂದೇ ಪೆಟ್ಟಿಗೆ. ಅದು ತುಂಬಿದರೆ ಬಳಸಿ ಖಾಲಿ ಮಾಡುವವರೆಗೆ ಹೊಸದು ಏನೂ ಸೇರುವುದಿಲ್ಲ. ಎಂದಾದರೂ ಬೇಕಾದೀತು ಎಂದು ಎಲ್ಲವನ್ನೂ ಕೂಡಿಟ್ಟರೆ ಮಕ್ಕಳಿಗೆ ಕಾಣಿಸುವುದು ಕಸದ ರಾಶಿ. ಅದರೊಳಗೆ ಕೈ ಹಾಕುವ ಉತ್ಸಾಹ ಯಾರಿಗೂ ಇರುವುದಿಲ್ಲ.

ಕಾಗದ

ಕಾಗದದ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚೇ ಮಾತನಾಡುತ್ತೇನೆ, ಅನ್ನ ಕೊಡುವ ವಸ್ತು ಅದು.

ಮೊದಲು ಒಂದು ಪರೀಕ್ಷೆ. ಯಾವುದಾದರೂ ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಹರಿಯಲು ಹೇಳಿ, ಆಮೇಲೆ ಎಡದಿಂದ ಬಲಕ್ಕೆ. ಒಂದು ದಿಕ್ಕಿನಲ್ಲಿ ಹರಿದಾಗ ಅಂಚು ಹೆಚ್ಚುಕಡಿಮೆ ನೇರವಾಗಿ ಬರುತ್ತದೆ, ಇನ್ನೊಂದು ದಿಕ್ಕಿನಲ್ಲಿ ಅಂಕುಡೊಂಕಾಗಿ ಹೋಗುತ್ತದೆ. ದಿನಪತ್ರಿಕೆಯಲ್ಲಿ ಇದು ಎದ್ದು ಕಾಣುತ್ತದೆ. ಯಂತ್ರದಲ್ಲಿ ಕಾಗದ ತಯಾರಾಗುವಾಗ ನಾರುಗಳು ಹೆಚ್ಚಾಗಿ ಯಂತ್ರ ಓಡುವ ದಿಕ್ಕಿಗೇ ಮಲಗುತ್ತವೆ. ಆ ದಿಕ್ಕಿನಲ್ಲಿ ಮಡಚಿದರೆ ಮಡಿಕೆ ಗೆರೆ ಎಳೆದಂತೆ ಬರುತ್ತದೆ, ಅಡ್ಡ ಮಡಚಿದರೆ ದಪ್ಪ ಕಾಗದ ಬಿರುಕು ಬಿಡುತ್ತದೆ. ಬೈಂಡಿಂಗ್ ಮಾಡುವವರು ಪ್ರತಿ ಹಾಳೆಯಲ್ಲೂ ಇದನ್ನು ನೋಡಿಕೊಳ್ಳುತ್ತೇವೆ. ನಾರಿನ ದಿಕ್ಕು ಪುಸ್ತಕದ ಬೆನ್ನಿನ ಉದ್ದಕ್ಕೇ ಇರಬೇಕು. ಮಗಳು ಇದನ್ನು ಕಲಿತ ಮೇಲೆ ಕೈಗೆ ಸಿಕ್ಕ ಕಾಗದವನ್ನೆಲ್ಲ ಮೊದಲು ಮೆಲ್ಲಗೆ ಎರಡೂ ಕಡೆಗೆ ಬಾಗಿಸಿ ನೋಡುತ್ತಾಳೆ. ಸುಲಭವಾಗಿ ಬಾಗಿದ ಕಡೆಗೆ ಮಡಚುತ್ತಾಳೆ.

ಉದ್ದನೆಯ ಪಟ್ಟಿಗಳು ಉಳಿದಿದ್ದರೆ ಜಿಗ್‌ಜಾಗ್ ಪುಸ್ತಕ ಮಾಡಿ. 8 ಸೆಂಟಿಮೀಟರ್ ಎತ್ತರ, 48 ಸೆಂಟಿಮೀಟರ್ ಉದ್ದದ ಪಟ್ಟಿ ಬೇಕು. ಒಂದೇ ತುಂಡು ಇಲ್ಲದಿದ್ದರೆ ಎರಡನ್ನು ಅಂಟಿಸಿ ಸೇರಿಸಬಹುದು. ಪಟ್ಟಿಯನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ, ಇನ್ನೊಮ್ಮೆ ಅರ್ಧಕ್ಕೆ ಮಡಚಿದರೆ 6 ಸೆಂಟಿಮೀಟರ್ ಅಗಲದ ಎಂಟು ಮನೆಗಳಾಗುತ್ತವೆ. ಬಿಡಿಸಿ, ಒಂದು ಮಡಿಕೆ ಒಳಗೆ, ಒಂದು ಮಡಿಕೆ ಹೊರಗೆ ಎಂಬಂತೆ ತಿರುಗಿಸಿ ಮಡಚಿ. ರಟ್ಟಿನಿಂದ 6.4 ಸೆಂಟಿಮೀಟರ್ ಅಗಲ, 8.4 ಸೆಂಟಿಮೀಟರ್ ಎತ್ತರದ ಎರಡು ತುಂಡುಗಳನ್ನು ದೊಡ್ಡವರು ಕತ್ತರಿಸಿಕೊಡಬೇಕು. ಸುತ್ತಲೂ 2 ಮಿಲಿಮೀಟರ್ ಹೊರಚಾಚಿದ್ದರೆ ಒಳಗಿನ ಹಾಳೆಗಳ ಅಂಚು ಮಾಸುವುದಿಲ್ಲ. ಮೊದಲ ಮನೆಯ ಮತ್ತು ಕೊನೆಯ ಮನೆಯ ಹಿಂಬದಿಗೆ ತೆಳುವಾಗಿ ಅಂಟು ಸವರಿ ರಟ್ಟಿಗೆ ಒತ್ತಿ. ಮನೆಗಳ ಸಂಖ್ಯೆ ಸಮವಾಗಿರಲಿ. ಬೆಸವಾದರೆ ಎರಡು ರಟ್ಟುಗಳು ಹಾಳೆಯ ಬೇರೆ ಬೇರೆ ಮೈಗೆ ಅಂಟಿಕೊಳ್ಳುತ್ತವೆ, ಆಗ ಮುಂಬದಿಯ ಎಲ್ಲ ಮನೆಗಳನ್ನು ಒಟ್ಟಿಗೆ ಬಿಡಿಸಿ ನೋಡುವ ಸೊಗಸು ಸಿಗುವುದಿಲ್ಲ. ಅಂಟಿಸಿದ ಮೇಲೆ ಭಾರವಾದ ಪುಸ್ತಕಗಳ ಕೆಳಗೆ ರಾತ್ರಿಯಿಡೀ ಇಡಬೇಕು. ಮಕ್ಕಳಿಗೆ ಕಷ್ಟವಾಗುವುದು ಇದೊಂದೇ. ನಡುವೆ ಎತ್ತಿ ನೋಡಿದರೆ ರಟ್ಟು ಡೊಂಕಾಗಿ ಒಣಗುತ್ತದೆ ಎಂದು ಮೊದಲೇ ಹೇಳಿಬಿಡಿ.

ಈ ಪುಟ್ಟ ಪುಸ್ತಕದಲ್ಲಿ ಮುಂದೆ ಎಂಟು, ಹಿಂದೆ ಆರು, ಒಟ್ಟು 14 ಪುಟಗಳು. ಒಂದೊಂದು ಪುಟಕ್ಕೆ ಒಂದೊಂದು ಬಗೆಯ ಚೂರು ಅಂಟಿಸಿ, ಅದು ಏನು ಮಾಡುತ್ತದೆ ಎಂದು ಕೆಳಗೆ ಬರೆಯುವುದು ಮಗಳ ಪುಸ್ತಕದ ವಿಷಯ. "ಇದು ಮಡಚಿದರೆ ಮರೆತುಬಿಡುತ್ತದೆ" ಎಂದು ಪ್ಲಾಸ್ಟಿಕ್ ಹಾಳೆಯ ಕೆಳಗೆ ಬರೆದಿದ್ದಾಳೆ. ನಾನು ಬರೆದಿದ್ದರೆ ಇಷ್ಟು ಸರಿಯಾಗಿ ಬರೆಯುತ್ತಿರಲಿಲ್ಲ.

ಮಡಚಲೂ ಆಗದಷ್ಟು ಚಿಕ್ಕ ಚೂರುಗಳಿಂದ ಹೊಸ ಕಾಗದ ಮಾಡಬಹುದು. ಇದಕ್ಕೆ ಬಿಡುವಿನ ದಿನವೊಂದನ್ನು ಪೂರ್ತಿ ತೆಗೆದಿಡಿ. ಚೂರುಗಳನ್ನು ಅಂಚೆಚೀಟಿಯಷ್ಟಕ್ಕೆ ಹರಿದು ಹಿಂದಿನ ರಾತ್ರಿಯೇ ನೆನೆಹಾಕಬೇಕು. ನುಣುಪು ಮೆರುಗಿನ ಕಾಗದ, ಪ್ಲಾಸ್ಟಿಕ್ ಪದರವಿರುವುದು, ಮಿಂಚುಪುಡಿ ಮೆತ್ತಿರುವುದು ಇದಕ್ಕೆ ಬೇಡ. ಬರೀ ದಿನಪತ್ರಿಕೆಯಿಂದ ಮಾಡಿದರೆ ಹಾಳೆ ದುರ್ಬಲವಾಗಿ, ಬೂದು ಬಣ್ಣಕ್ಕೆ ಬರುತ್ತದೆ. ಅದರಲ್ಲಿರುವ ಮರದ ಅಂಶವಾದ ಲಿಗ್ನಿನ್‌ನಿಂದಾಗಿ ಬೆಳಕಿಗೆ ಹಳದಿಯೂ ಆಗುತ್ತದೆ. ಅರ್ಧದಷ್ಟಾದರೂ ಚಿತ್ರ ಬರೆಯುವ ಹಾಳೆಯ ಚೂರು ಸೇರಿಸಿ.

ಬೆಳಿಗ್ಗೆ, ನೆನೆದ ಕಾಗದ ಒಂದು ಹಿಡಿಗೆ ಮಿಕ್ಸಿ ಜಾರಿನ ಮುಕ್ಕಾಲು ಭಾಗ ನೀರು ಹಾಕಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಅಡುಗೆಗೆ ಬಳಸದ ಹಳೆಯ ಜಾರು ಇದ್ದರೆ ಒಳ್ಳೆಯದು. ಅಕ್ಷರಗಳ ಚೂರು ಅಲ್ಲಲ್ಲಿ ಉಳಿದಿದ್ದರೆ ಇನ್ನೂ ಚೆಂದ, ಪೂರ್ತಿ ನುಣ್ಣಗಾಗಬೇಕಿಲ್ಲ. ಈ ತಿರುಳನ್ನು ಅಗಲವಾದ ಟಬ್ಬಿಗೆ ಸುರಿದು ನೀರು ಬೆರೆಸಿ. ಕೈ ಹಾಕಿದರೆ ತೆಳು ಗಂಜಿಯ ಹಾಗೆ ತಾಗಬೇಕು. ಕಸೂತಿಯ ರಿಂಗಿಗೆ ಸೊಳ್ಳೆಪರದೆಯಂಥ ಬಲೆಯನ್ನು ಬಿಗಿಯಾಗಿ ಸಿಕ್ಕಿಸಿದರೆ ಅದೇ ಅಚ್ಚು. ಅಚ್ಚನ್ನು ಓರೆಯಾಗಿ ಮುಳುಗಿಸಿ, ನೀರಿನೊಳಗೇ ಸಮತಟ್ಟು ಮಾಡಿ, ಅಲುಗಿಸದೆ ನೇರ ಮೇಲೆತ್ತಬೇಕು. ಎತ್ತಿದ ಕ್ಷಣ ನೀರು ಜರಜರನೆ ಇಳಿಯುತ್ತದೆ. ಬಲೆಯ ಮೇಲೆ ಮೊದಲು ಹೊಳೆಯುವ ನೀರಿನ ಪದರ, ಮರುಕ್ಷಣ ಹೊಳಪು ಮಾಯವಾಗಿ ನಾರಿನ ಹೊದಿಕೆ. ಆ ಹೊಳಪು ಹೋಗುವುದನ್ನು ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ. ನೀರಾಗಿದ್ದುದು ಕಾಗದವಾಗುವ ಗಳಿಗೆ ಅದು. ಆತುರಪಡಿಸಬೇಡಿ.

ಹನಿ ನಿಂತ ಮೇಲೆ ಒದ್ದೆ ಹತ್ತಿಬಟ್ಟೆಯ ಮೇಲೆ ಅಚ್ಚನ್ನು ಬೋರಲು ಹಾಕಿ, ಬಲೆಯ ಹಿಂಬದಿಯಿಂದ ಸ್ಪಂಜಿನಲ್ಲಿ ಒತ್ತಿ ಒತ್ತಿ ನೀರು ಹೀರಿ. ಸ್ಪಂಜು ಹಿಂಡಿ ಮತ್ತೆ ಒತ್ತಿ. ಇದು ನಾಲ್ಕು ವರ್ಷದವನ ಪಾಲಿನ ಕೆಲಸ, ಅವನ ಕೈ ಎಷ್ಟು ಒತ್ತಿದರೂ ಹಾಳೆಗೆ ಏನೂ ಆಗದು. ರಿಂಗಿನ ಒಂದು ಅಂಚಿನಿಂದ ಮೆಲ್ಲಗೆ ಎತ್ತಿದರೆ ಹಾಳೆ ಬಟ್ಟೆಯ ಮೇಲೆ ಉಳಿಯುತ್ತದೆ. ಒಡೆದುಹೋದರೆ ತಿರುಳನ್ನು ಟಬ್ಬಿಗೇ ಹಾಕಿ ಮತ್ತೆ ಎತ್ತಿ, ನಷ್ಟವೇನಿಲ್ಲ. ಬಟ್ಟೆಯ ಸಮೇತ ಒಣಗಿಸಿ, ಪೂರ್ತಿ ಒಣಗಿದ ಮೇಲೆ ಬಿಡಿಸಿ. ಇದರ ಮೇಲೆ ಶಾಯಿಯಲ್ಲಿ ಬರೆಯುವ ಆಸೆಯಿದ್ದರೆ ತಿರುಳಿಗೆ ಮೊದಲೇ ಒಂದು ಚಮಚ ಮೆಕ್ಕೆಜೋಳದ ಪಿಷ್ಟ (ಕಾರ್ನ್ ಫ್ಲೋರ್) ಕದಡಿ ಹಾಕಿ, ಶಾಯಿ ಹರಡುವುದು ಕಡಿಮೆಯಾಗುತ್ತದೆ. ಒಂದು ಎಚ್ಚರಿಕೆ: ಉಳಿದ ತಿರುಳನ್ನು ಸಿಂಕಿಗೆ ಸುರಿಯಬೇಡಿ, ಕೊಳವೆ ಕಟ್ಟಿಕೊಳ್ಳುತ್ತದೆ. ಬಟ್ಟೆಯಲ್ಲಿ ಸೋಸಿ, ಹಿಂಡಿ, ಉಂಡೆ ಮಾಡಿ ಒಣಗಿಸಿಟ್ಟರೆ ಮುಂದಿನ ಸಲ ನೆನೆಹಾಕಲು ಸಿದ್ಧ.

ಕ್ರೇಯಾನ್ ಮತ್ತು ಸ್ಕೆಚ್ ಪೆನ್

ಮುರಿದ ಕ್ರೇಯಾನ್ ಕಂಡರೆ ಎಲ್ಲರೂ ಕರಗಿಸುವ ಮಾತನ್ನೇ ಆಡುತ್ತಾರೆ. ಅದಕ್ಕೂ ಮೊದಲು ಒಂದು ಮಾತು. ಇಡೀ ಕ್ರೇಯಾನಿಗೆ ಸಾಧ್ಯವಿಲ್ಲದ ಕೆಲಸವೊಂದು ಮುರಿದ ತುಂಡಿಗೆ ಸಾಧ್ಯ. ಸುತ್ತಿದ ಕಾಗದ ತೆಗೆದು, ತುಂಡನ್ನು ಅಡ್ಡ ಮಲಗಿಸಿ, ತೆಳು ಹಾಳೆಯ ಕೆಳಗೆ ಎಲೆಯನ್ನೋ ಲೇಸಿನ ತುಂಡನ್ನೋ ಇಟ್ಟು ಉಜ್ಜಿದರೆ ಅದರ ನರನರವೂ ಮೇಲೆ ಮೂಡುತ್ತದೆ. ಮ್ಯಾಕ್ಸ್ ಅರ್ನ್ಸ್ಟ್ ಎಂಬ ಕಲಾವಿದರು 1925ರಲ್ಲಿ ಮರದ ನೆಲಹಾಸಿನ ಗೆರೆಗಳನ್ನು ಹೀಗೆ ಉಜ್ಜಿ ತೆಗೆದು, ಅದನ್ನೇ ತಮ್ಮ ಚಿತ್ರಗಳ ಒಂದು ವಿಧಾನವಾಗಿ ಬೆಳೆಸಿದರು. ಮಕ್ಕಳಿಗೆ ಮನೆಯನ್ನೇ ಬಿಟ್ಟುಕೊಡಿ: ಬುಟ್ಟಿಯ ಹೆಣಿಗೆ, ಚಪ್ಪಲಿಯ ಅಡಿ, ಕಿಟಕಿಯ ಜಾಲರಿ, ಬಾಚಣಿಗೆ. ಬಿಳಿ ಕ್ರೇಯಾನಿನ ತುಂಡನ್ನು ಯಾರೂ ಮುಟ್ಟುವುದಿಲ್ಲವಷ್ಟೆ? ಅದರಲ್ಲಿ ಬಿಳಿ ಹಾಳೆಯ ಮೇಲೆ ಗುಟ್ಟಿನ ಚಿತ್ರ ಬರೆದು ಮೇಲೆ ಜಲವರ್ಣ ಬಳಿದರೆ, ಮೇಣವಿರುವಲ್ಲಿ ನೀರು ಹತ್ತದೆ ಚಿತ್ರ ಎದ್ದು ಬರುತ್ತದೆ.

ಕರಗಿಸುವುದಾದರೆ ಒಲೆಯ ಕೆಲಸ ಪೂರ್ತಿ ದೊಡ್ಡವರದು. ಕಾಗದ ಬಿಡಿಸಲು ತುಂಡುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಬಿಡಿ, ಚೆನ್ನಾಗಿ ಒರೆಸಿ ಒಣಗಿಸಿ. ಕ್ರೇಯಾನ್ ಸುಮಾರು 50ರಿಂದ 65 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಕರಗುತ್ತದೆ, ಹಾಗಾಗಿ ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಹಳೆಯ ಡಬ್ಬಿ ಇಟ್ಟರೆ ಆ ಶಾಖವೇ ಸಾಕು. ನೇರ ಉರಿಯ ಮೇಲೆ ಮೇಣವನ್ನು ಎಂದಿಗೂ ಇಡಬಾರದು, ಅತಿಯಾಗಿ ಕಾದರೆ ಹೊತ್ತಿಕೊಳ್ಳುತ್ತದೆ. ಆ ಡಬ್ಬಿಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಮಕ್ಕಳ ಪಾಲು ಬಣ್ಣ ಆರಿಸುವುದು. ಹಳದಿ, ಕಿತ್ತಳೆ, ಕೆಂಪು ಒಂದು ಗುಂಪು. ನೀಲಿ, ಹಸಿರು ಇನ್ನೊಂದು. ಎಲ್ಲವನ್ನೂ ಒಟ್ಟಿಗೆ ಕರಗಿಸಿದರೆ ಕೆಸರು ಬಣ್ಣ ಬರುತ್ತದೆ. ಸಿಲಿಕಾನ್ ಅಚ್ಚಿಗೆ ಸುರಿದು, ಪೂರ್ತಿ ಆರಿದ ಮೇಲೆ ಬಿಡಿಸಿ. ದಪ್ಪ ಬಿಲ್ಲೆಗಳು ಚಿಕ್ಕ ಮಕ್ಕಳ ಹಿಡಿತಕ್ಕೆ ಚೆನ್ನಾಗಿ ಒಗ್ಗುತ್ತವೆ.

ಸ್ಕೆಚ್ ಪೆನ್ ನೀರಿನ ಬಣ್ಣದ್ದಾದರೆ ಒಣಗಿದ ಮೇಲೂ ಅದರಲ್ಲಿ ಬಣ್ಣ ಉಳಿದಿರುತ್ತದೆ. ಹಿಂದಿನ ಮುಚ್ಚಳ ಕಿತ್ತು ಒಳಗಿನ ಬತ್ತಿ ಹೊರತೆಗೆಯಿರಿ. ಒಂದೇ ಬಣ್ಣದ ಬತ್ತಿಗಳನ್ನು ಚಿಕ್ಕ ಸೀಸೆಯಲ್ಲಿ ಅವು ಮುಳುಗುವಷ್ಟೇ ನೀರಿಗೆ ಹಾಕಿ ಕೆಲವು ದಿನ ಬಿಟ್ಟರೆ ಬಳಿಯಲು ಬಣ್ಣ ಸಿದ್ಧ. ಬಿಸಿಲಿಗೆ ಬೇಗ ಮಾಸುತ್ತದೆ, ಗೋಡೆಗೆ ಹಾಕುವ ಚಿತ್ರಕ್ಕೆ ಬೇಡ. ಅಳಿಸದ ಮಾರ್ಕರಿಗೆ ಈ ಉಪಾಯ ಹೊಂದುವುದಿಲ್ಲ. ಕಪ್ಪು ಪೆನ್ನಿನಲ್ಲಿ ಸ್ವಲ್ಪ ಜೀವ ಉಳಿದಿದ್ದರೆ ಅದನ್ನು ಬೇರೆ ಇಡಿ. ನೀರು ಹೀರುವ ಕಾಗದದ ಪಟ್ಟಿಯಲ್ಲಿ ಕೆಳಗಿನಿಂದ ಎರಡು ಬೆರಳು ಮೇಲೆ ಒಂದು ಚುಕ್ಕೆ ಇಟ್ಟು, ಪಟ್ಟಿಯ ತುದಿಯನ್ನಷ್ಟೇ ನೀರಿಗೆ ತಾಗಿಸಿ ಹಿಡಿದರೆ, ನೀರು ಮೇಲೇರುತ್ತ ಕಪ್ಪನ್ನು ಬಿಡಿಸುತ್ತದೆ. ನೀಲಿ, ನೇರಳೆ, ಕೆಲವೊಮ್ಮೆ ಹಳದಿ ಬೇರೆ ಬೇರೆ ಎತ್ತರದಲ್ಲಿ ನಿಲ್ಲುತ್ತವೆ. "ಅಮ್ಮ, ಕಪ್ಪಿನೊಳಗೆ ಇಷ್ಟೊಂದು ಜನ ಇದ್ದರಾ?" ಎಂದು ಮಗ ಕೇಳಿದ್ದ. ಒಣಗಿದ ಆ ಪಟ್ಟಿಗಳು ಪುಸ್ತಕದ ಗುರುತುಪಟ್ಟಿಗಳಾದವು.

ಬಟ್ಟೆ, ನೂಲು

ಮಕ್ಕಳ ಮೊಂಡು ಕತ್ತರಿಗೆ ಬಟ್ಟೆ ಸಿಕ್ಕುವುದಿಲ್ಲ, ಎರಡು ಅಲಗಿನ ನಡುವೆ ಮಡಚಿಕೊಳ್ಳುತ್ತದೆ. ಅದಕ್ಕೆ ಪರಿಹಾರ ಬೈಂಡಿಂಗ್ ಮೇಜಿನಿಂದಲೇ ಬಂದದ್ದು. ಬಿಳಿ ಅಂಟಿಗೆ ಅಷ್ಟೇ ನೀರು ಬೆರೆಸಿ ಬಟ್ಟೆಯ ಚೂರಿಗೆ ಬಳಿದು, ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿ ಒಣಗಿಸಿ. ಒಣಗಿದ ಬಟ್ಟೆ ಕಾಗದದಂತೆ ಗರಿಗರಿಯಾಗಿ ಕತ್ತರಿಸಲು ಬರುತ್ತದೆ, ಎಳೆಯೂ ಬಿಡುವುದಿಲ್ಲ. ಇನ್ನು ಎಳೆ ಬಿಡುವುದೇ ಚೆಂದವೆಂದಾದರೆ ಒರಟು ನೇಯ್ಗೆಯ ಬಟ್ಟೆಯನ್ನು ಚೌಕವಾಗಿ ಕತ್ತರಿಸಿಕೊಟ್ಟು ನಾಲ್ಕೂ ಕಡೆಯಿಂದ ಎಳೆ ತೆಗೆಯಲು ಬಿಡಿ. ಹಾಸು, ಹೊಕ್ಕು ಎರಡೂ ಬಗೆಯ ಎಳೆಗಳು ಹೇಗೆ ಹೆಣೆದುಕೊಂಡಿವೆ ಎಂದು ಬೆರಳಿಗೇ ತಿಳಿಯುತ್ತದೆ.

ಮೊಣಕೈಯುದ್ದಕ್ಕಿಂತ ದೊಡ್ಡದಾದ ನೂಲನ್ನು ನೇಯ್ಗೆಗೆ ಇಡಿ. ದುಂಡಗಿನ ರಟ್ಟಿನ ಅಂಚಿನಲ್ಲಿ ಕಚ್ಚು ಮಾಡಿ, ಕೇಂದ್ರದಿಂದ ಕಡ್ಡಿಗಳಂತೆ ದಾರ ಕಟ್ಟಿ, ಒಂದರ ಮೇಲೆ ಒಂದರ ಕೆಳಗೆ ಸುತ್ತುತ್ತ ಹೋಗುವುದು. ಕಚ್ಚುಗಳ ಸಂಖ್ಯೆ ಬೆಸವಾಗಿರಬೇಕು, 11 ಅಥವಾ 13. ಸಮವಾದರೆ ಎರಡನೆಯ ಸುತ್ತಿನಲ್ಲೂ ನೂಲು ಅದೇ ದಾರಗಳ ಮೇಲೆಯೇ ಹೋಗುತ್ತದೆ, ನೇಯ್ಗೆ ಕಟ್ಟಿಕೊಳ್ಳುವುದಿಲ್ಲ. ಕಾರಣ ಹೇಳದೆ ಒಂದು ಸಮಸಂಖ್ಯೆಯ ರಟ್ಟನ್ನೂ ಮಗಳಿಗೆ ಕೊಟ್ಟಿದ್ದೆ. ಎರಡು ಸುತ್ತು ಹಾಕಿ, ನಿಲ್ಲಿಸಿ, ಎಣಿಸಿ, ಒಂದು ಕಚ್ಚು ತಾನೇ ಹೆಚ್ಚು ಮಾಡಿಕೊಂಡಳು. ಬೆರಳುದ್ದದ ನೂಲು ಗೊಂಬೆಗೆ ಕೂದಲಾಗುತ್ತದೆ, ಅದಕ್ಕಿಂತ ಚಿಕ್ಕದು ಕಾಗದದ ತಿರುಳಿಗೆ ಹೋಗುತ್ತದೆ.

ಉಳಿದವು

ಮಿಂಚುಪುಡಿಯ ವಿಷಯದಲ್ಲಿ ನನ್ನ ನಿಲುವು ಗಟ್ಟಿ: ಹೊಸದಾಗಿ ಕೊಳ್ಳುವುದು ಬೇಡ. ಹೆಚ್ಚಿನದು ಪ್ಲಾಸ್ಟಿಕ್, ತೊಳೆದರೆ ನೀರಿನೊಡನೆ ಹೋಗಿ ಎಲ್ಲೋ ಸೇರಿಕೊಳ್ಳುತ್ತದೆ. ಯುರೋಪಿಯನ್ ಒಕ್ಕೂಟ ಪ್ಲಾಸ್ಟಿಕ್‌ನ ಬಿಡಿ ಮಿಂಚುಪುಡಿಯ ಮಾರಾಟವನ್ನು 2023ರ ಅಕ್ಟೋಬರ್‌ನಿಂದ ನಿರ್ಬಂಧಿಸಿದ್ದೂ ಈ ಕಾರಣಕ್ಕೇ. ಮನೆಯಲ್ಲಿ ಉಳಿದಿರುವುದನ್ನು ಪಾರದರ್ಶಕ ಬಾಟಲಿಗೆ ನೀರು, ಸ್ವಲ್ಪ ಬಣ್ಣವಿಲ್ಲದ ಅಂಟಿನೊಡನೆ ಹಾಕಿ, ಮುಚ್ಚಳವನ್ನು ಗಟ್ಟಿ ಅಂಟಿನಿಂದ ಭದ್ರಪಡಿಸಿ. ಅಲುಗಿಸಿ ಅದು ತಳಕ್ಕೆ ಇಳಿಯುವುದನ್ನು ನೋಡಬಹುದು.

ಬಣ್ಣದ ತಟ್ಟೆಯಲ್ಲಿ ಉಳಿದದ್ದನ್ನು ತೊಳೆದು ಚೆಲ್ಲುವ ಬದಲು ಯಾವುದಾದರೂ ಹಾಳೆಗೆ ಅಂಚಿನಿಂದ ಅಂಚಿಗೆ ಬಳಿದು ಒಣಗಿಸಿಡಿ. ಫ್ರೆಂಚ್ ಚಿತ್ರಕಾರ ಆನ್ರಿ ಮ್ಯಾಟಿಸ್ ಕೊನೆಯ ವರ್ಷಗಳಲ್ಲಿ, ಕಾಯಿಲೆಯಿಂದ ಹೆಚ್ಚು ಹೊತ್ತು ನಿಂತು ಕೆಲಸ ಮಾಡಲಾಗದಿದ್ದಾಗ, ಸಹಾಯಕರು ಬಣ್ಣ ಬಳಿದಿಟ್ಟ ಹಾಳೆಗಳನ್ನು ಕತ್ತರಿಸಿ ಚಿತ್ರಗಳನ್ನು ಕಟ್ಟಿದ್ದರು. ಮಕ್ಕಳಿಗೂ ಇಂಥ ಹಾಳೆಗಳ ಕಟ್ಟೊಂದಿದ್ದರೆ ಅಂಗಡಿಯ ಬಣ್ಣದ ಕಾಗದ ಬೇಕಾಗುವುದಿಲ್ಲ. ಒಣಗಿದ ಜಲವರ್ಣದ ಬಿಲ್ಲೆ ನೀರು ತಾಗಿಸಿದರೆ ಮತ್ತೆ ಏಳುತ್ತದೆ. ಅಕ್ರಿಲಿಕ್ ಒಣಗಿದರೆ ಮುಗಿಯಿತು, ಆದರೆ ತಟ್ಟೆಯಿಂದ ಸುಲಿದು ಬರುವ ಅದರ ಪದರವನ್ನು ಕತ್ತರಿಸಿ ಅಂಟಿಸಬಹುದು. ಗಟ್ಟಿಯಾದ ಮಾಮೂಲಿ ಜೇಡಿಮಣ್ಣನ್ನು ಸುಡದಿದ್ದರೆ ಕುಟ್ಟಿ ನೆನೆಸಿ ಎಷ್ಟು ಸಲ ಬೇಕಾದರೂ ಹದಕ್ಕೆ ತರಬಹುದು.

ಮಕ್ಕಳೊಡನೆ ಕೂರುವಾಗ

ಪೆಟ್ಟಿಗೆಯನ್ನೇ ಮುಂದೆ ಸುರಿಯಬೇಡಿ. ಮೂರು ಬಗೆಯ ಸಾಮಗ್ರಿ, ಒಂದು ಅಂಟು, ಒಂದು ಕತ್ತರಿ ಸಾಕು. ಏನು ಮಾಡುತ್ತಿದ್ದೀಯ ಎಂದು ಕೇಳಿದರೆ ಮಕ್ಕಳು ನಮ್ಮನ್ನು ಮೆಚ್ಚಿಸಲು ಮನೆ, ಕಾರು, ಹೂವು ಎಂದು ಏನೋ ಒಂದು ಹೆಸರು ಹೇಳಿಬಿಡುತ್ತಾರೆ, ಆಮೇಲೆ ಆ ಹೆಸರಿಗೆ ತಕ್ಕಂತೆ ಮಾಡಲು ಹೆಣಗುತ್ತಾರೆ. ಅದರ ಬದಲು, ಇದು ನಿಲ್ಲುತ್ತದೆಯೇ, ಇದರೊಳಗಿಂದ ದಾರ ಹೋಗುತ್ತದೆಯೇ ಎಂದು ಚೂರಿನ ಬಗ್ಗೆ ಕೇಳಿ. ಬಿಸಿ ಅಂಟಿನ ಗನ್ನು, ಬ್ಲೇಡು ನಮ್ಮ ಕೈಯಲ್ಲೇ ಇರಲಿ. ಅದರ ಹೊರತು ಕೈ ಹಾಕಿ ತಿದ್ದುವುದು ಬೇಡ. ಡೊಂಕಾಗಿ ಅಂಟಿದ ಕಿವಿಯನ್ನು ನಾವು ನೆಟ್ಟಗೆ ಮಾಡಿದ ಮೇಲೆ ಆ ಪ್ರಾಣಿ ನಮ್ಮದಾಗಿಬಿಡುತ್ತದೆ.

ಮಾಡಿದ್ದೆಲ್ಲ ಮನೆಯಲ್ಲಿ ಉಳಿಯಲಾರದು ಎನ್ನುವುದು ನಿಜ. ಕಪಾಟಿನ ಒಂದು ಅಂಕಣವನ್ನು ಅವರ ಕೆಲಸಕ್ಕೆಂದೇ ಬಿಟ್ಟು, ತುಂಬಿದಾಗ ಯಾವುದನ್ನು ಬಿಚ್ಚಬಹುದು ಎಂದು ಅವರನ್ನೇ ಕೇಳಿ. ಒಪ್ಪಿಗೆಯಿಲ್ಲದೆ ಒಂದನ್ನೂ ಬಿಚ್ಚಬೇಡಿ, ಕದ್ದು ಎಸೆಯುವುದಂತೂ ಕೂಡದು. ಒಪ್ಪಿದ್ದರ ಫೋಟೊ ತೆಗೆದಿಟ್ಟುಕೊಂಡು, ಬಿಚ್ಚುವ ಕೆಲಸವನ್ನೂ ಅವರಿಗೇ ಕೊಡಿ. ಬಿಳಿ ಅಂಟಿನಲ್ಲಿ ಅಂಟಿಸಿದ ಗುಂಡಿ, ಮಣಿಗಳನ್ನು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಅಂಟು ಮೆತ್ತಗಾಗಿ ಬಿಟ್ಟುಕೊಳ್ಳುತ್ತವೆ. ಒರೆಸಿ ಒಣಗಿಸಿ ಡಬ್ಬಿಗೆ ಹಾಕಿ. ಒದ್ದೆಯಾದ ಕಾಗದವನ್ನು ಹಾಗೆಯೇ ಹರಿದು ತಿರುಳಿಗೆ ನೆನೆಹಾಕಬಹುದು.